ಗಂಜಿ, ಎಂಜಲು, ಅಯೋಡಿನ್

ನಿಂಬೆರಸ ಹಾಕಿದ ಪ್ರನಾಳದಲ್ಲಿ ನೀಲಿ ಬಣ್ಣ ಬರಲೇ ಇಲ್ಲ. ಬರಬೇಕಿತ್ತು. ಗಂಜಿಯನ್ನು ಒಡೆಯುವ ಜೊಲ್ಲಿನ ಕಿಣ್ವ ಹುಳಿಯಲ್ಲಿ ಕೆಲಸ ಮಾಡಲ್ಲ, ಗಂಜಿ ಗಂಜಿಯಾಗಿಯೇ ಉಳಿಯುತ್ತೆ, ಅಯೋಡಿನ್ ಬಿಟ್ಟ ಕೂಡಲೇ ಕಡುನೀಲಿ ಆಗುತ್ತೆ ಅಂತ ಆಗಷ್ಟೇ ಬೋರ್ಡಿನ ಮೇಲೆ ಬರೆದಿದ್ದೆ. ನಲವತ್ತು ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಹಿಂದಿನ ಬೆಂಚಿನಿಂದ ಒಬ್ಬ, "ಮಿಸ್, ನಿಂಬೆಹಣ್ಣಲ್ಲೇ ಎಲ್ಲಕ್ಕಿಂತ ಬೇಗ ಜೀರ್ಣ ಆಯ್ತು" ಎಂದ.

ಹಾಸನದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಹತ್ತನೇ ತರಗತಿಯ ಪಾಠದಲ್ಲಿ ಒಂದು ಸಣ್ಣ ಚಟುವಟಿಕೆ ಇದೆ. ಎರಡು ಪ್ರನಾಳಕ್ಕೆ ಪಿಷ್ಟದ (ಗಂಜಿಯಲ್ಲಿರುವುದು ಅದೇ) ದ್ರಾವಣ, ಒಂದಕ್ಕೆ ಜೊಲ್ಲು, ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಅಯೋಡಿನ್. ಜೊಲ್ಲು ಇಲ್ಲದ್ದು ನೀಲಿಯಾಗುತ್ತದೆ, ಇರುವುದು ಆಗುವುದಿಲ್ಲ. ಅಷ್ಟಕ್ಕೇ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಬಿಸಿ ಮಾಡಿದರೆ ಏನಾಗುತ್ತೆ, ತಣ್ಣಗೆ ಮಾಡಿದರೆ, ಹುಳಿ ಹಿಂಡಿದರೆ? ಇದನ್ನು ಮಕ್ಕಳೇ ಮಾಡಿ ನೋಡಲಿ ಎಂದುಕೊಂಡೆ. ಸರಿಯಾಗಿ ಕೂರುವುದಕ್ಕೆ ಮೂರು ವರ್ಷ ಹಿಡಿಯಿತು.

ಮೊದಲ ತೊಂದರೆ ಎಂಜಲು. ನಮ್ಮಲ್ಲಿ ಎಂಜಲು ಅಂದರೆ ಗೊತ್ತಲ್ಲ, ಕಚ್ಚಿದ ಪೆನ್ನನ್ನೂ ಇನ್ನೊಬ್ಬರು ಮುಟ್ಟಲ್ಲ. "ಥೂ, ಲೋಟಕ್ಕೆ ಉಗಿಯೋದಾ ಮಿಸ್?" ಎಂದು ಹುಡುಗಿಯರು ಮುಖ ಕಿವುಚಿದರು. ಅದಕ್ಕೆ ತಂಡಕ್ಕೊಬ್ಬರ ಜೊಲ್ಲು, ಅದನ್ನು ಕೊಟ್ಟವರೇ ಪಿಪೆಟ್ ಹಿಡಿಯಬೇಕು, ಕೊನೆಗೆ ಎಲ್ಲ ಪ್ರನಾಳ ಬ್ಲೀಚಿಂಗ್ ನೀರಿಗೆ ಎಂದು ನಿಯಮ ಮಾಡಿದೆ. ಬಾಯಿ ಮುಕ್ಕಳಿಸಿ ಬಂದ ಮೇಲೂ ನಾಚಿಕೆಗೆ ಜೊಲ್ಲು ಬರುತ್ತಿರಲಿಲ್ಲ. ಆಗ ನಾನು ಸುಮ್ನೆ ಮಾವಿನಕಾಯಿ ಕಥೆ ಶುರು ಮಾಡುತ್ತೇನೆ. ತೋತಾಪುರಿ ಕಾಯಿ, ಉದ್ದಕ್ಕೆ ಸೀಳಿದ್ದು, ಮಧ್ಯಕ್ಕೆ ಉಪ್ಪು ಖಾರದಪುಡಿ ಸವರಿದ್ದು... ಅರ್ಧ ನಿಮಿಷ ಸಾಕು, ಲೋಟ ತುಂಬುವಷ್ಟಾಗುತ್ತದೆ.

ಸಾಮಾನು ಹೆಚ್ಚೇನೂ ಬೇಡ. ಅರ್ಧ ಚಮಚ ಅಕ್ಕಿಹಿಟ್ಟನ್ನು 200 ಮಿ.ಲೀ. ನೀರಿನಲ್ಲಿ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿದರೆ ತಿಳಿಗಂಜಿ ಸಿದ್ಧ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್‌ಗೆ ನೀರು ಬೆರೆಸಿ ತಿಳಿ ಟೀ ಬಣ್ಣಕ್ಕೆ ತಂದರೆ ಅದೂ ಆಯಿತು. ಮನೆಯ ಬಚ್ಚಲಿಗೆ ಹಾಕಿಸಿ ಮಿಕ್ಕಿದ್ದ ಬಿಳಿ ಟೈಲ್ಸ್ ತಂದಿಟ್ಟೆ. ಅದರ ಮೇಲೆ ಅಯೋಡಿನ್ ಹನಿಗಳ ಸಾಲು. ನಿಮಿಷಕ್ಕೊಮ್ಮೆ ಪ್ರನಾಳದಿಂದ ಒಂದು ಹನಿ ತೆಗೆದು ಅದರ ಮೇಲೆ ಬಿಡಬೇಕು. ಕಡುನೀಲಿ, ಆಮೇಲೆ ನೇರಳೆ, ಆಮೇಲೆ ಕೆಂಪು ಮಿಶ್ರಿತ ಕಂದು, ಕೊನೆಗೆ ಅಯೋಡಿನ್ನಿನದೇ ಹಳದಿ. ಪಿಷ್ಟದ ಉದ್ದನೆಯ ಸರಪಳಿ ತುಂಡು ತುಂಡಾಗುತ್ತಾ ಹೋಗುವುದು ಟೈಲ್ಸ್ ಮೇಲೆ ಸಾಲಾಗಿ ಕಾಣುತ್ತದೆ. ಕೊನೆಗೊಮ್ಮೆ ಅಯೋಡಿನ್ ಸುರಿದು ನೋಡುವುದಕ್ಕಿಂತ ಇದು ಸಾವಿರ ಪಾಲು ವಾಸಿ.

ಮೊದಲ ವರ್ಷ ಜೊಲ್ಲನ್ನು ಹಾಗೇ ಹಾಕಿದ್ದೆ. ಮೊದಲ ಹನಿ ತೆಗೆಯುವಷ್ಟರಲ್ಲಿ ಕೆಲಸವೇ ಮುಗಿದಿತ್ತು. ಈಗ ಒಂದು ಪಾಲು ಜೊಲ್ಲಿಗೆ ಒಂಬತ್ತು ಪಾಲು ನೀರು ಬೆರೆಸುತ್ತೇವೆ. ಆ ನೀರು 1 ಮಿ.ಲೀ., ಗಂಜಿ 5 ಮಿ.ಲೀ. ಹೀಗೆ ಮಾಡಿದರೂ ತಂಡದಿಂದ ತಂಡಕ್ಕೆ ಸಮಯ ಬೇರೆ. ಜೊಲ್ಲಿನ ಈ ಕಿಣ್ವದ ಹೆಸರು ಅಮೈಲೇಸ್. ಅದನ್ನು ತಯಾರಿಸುವ ಜೀನಿನ ಪ್ರತಿಗಳು ಒಬ್ಬೊಬ್ಬರಲ್ಲಿ ಒಂದೊಂದು ಸಂಖ್ಯೆಯಲ್ಲಿರುತ್ತವೆ, ಜೊಲ್ಲಿನ ಕಿಣ್ವವೂ ಹೆಚ್ಚುಕಮ್ಮಿ ಆಗುತ್ತದೆ. ಹಾಗಾಗಿ ಒಂದು ತಂಡದ ನಿಮಿಷಗಳನ್ನು ಇನ್ನೊಂದರ ಜೊತೆ ಹೋಲಿಸಬಾರದು. ಒಂದೇ ಜೊಲ್ಲು, ಬೇರೆ ಬೇರೆ ಬಿಸಿ. ಅಷ್ಟೆ.

ಬಿಸಿಯಲ್ಲೂ ಬೇಸ್ತು ಬಿದ್ದೆ. ಸುಮಾರು 70 ಡಿಗ್ರಿ ನೀರಿನಲ್ಲಿಟ್ಟಿದ್ದ ಪ್ರನಾಳಕ್ಕೆ ಹುಡುಗನೊಬ್ಬ ಅಲ್ಲೇ, ಬಿಸಿಯಲ್ಲೇ, ಅಯೋಡಿನ್ ಬಿಟ್ಟ. ಸ್ವಲ್ಪ ನೀಲಿ ಕಂಡು ಮಾಯ. "ಬಿಸಿ ಜಾಸ್ತಿಯಾದಷ್ಟೂ ಜೀರ್ಣ ಚೆನ್ನಾಗಿ ಆಗುತ್ತದೆ" ಎಂದು ಇಡೀ ತಂಡ ಬರೆದುಕೊಂಡಿತು. ನಾನೂ ಪೆಚ್ಚಾಗಿ ನಿಂತಿದ್ದೆ. ಬೆಲ್ ಹೊಡೆಯಿತು. ಊಟ ಮುಗಿಸಿ ತೊಳೆಯಲು ಬಂದರೆ, ಸ್ಟ್ಯಾಂಡಿನಲ್ಲಿದ್ದ ಅದೇ ಪ್ರನಾಳ ಶಾಯಿಯ ಹಾಗೆ ನೀಲಿ! ಪಿಷ್ಟ ಎಲ್ಲೂ ಹೋಗಿರಲಿಲ್ಲ. ಅದರ ಸುರುಳಿಯೊಳಗೆ ಅಯೋಡಿನ್ ಸೇರಿಕೊಂಡಾಗ ತಾನೇ ನೀಲಿ ಬರುವುದು? ಬಿಸಿಯಲ್ಲಿ ಆ ಹಿಡಿತ ಸಡಿಲವಾಗುತ್ತದೆ, ಆರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಅಂದಿನಿಂದ ಹನಿಯನ್ನು ಟೈಲ್ಸ್ ಮೇಲೆ ಆರಿಸಿಯೇ ಬಣ್ಣ ನೋಡುವುದು.

ಇನ್ನು ನಿಂಬೆರಸ. ಅವತ್ತು ನನ್ನನ್ನು ಉಳಿಸಿದ್ದು ಜೊಲ್ಲು ಹಾಕದ ಪ್ರನಾಳ. ಅದಕ್ಕೂ ನಿಂಬೆರಸ ಹಿಂಡಿದೆ, ಅಯೋಡಿನ್ ಬಿಟ್ಟೆ. ಅಲ್ಲೂ ನೀಲಿ ಬರಲಿಲ್ಲ. ಕಿಣ್ವವೇ ಇಲ್ಲದ ಕಡೆ ಜೀರ್ಣ ಎಲ್ಲಿಂದ? ಬರೀ ನೀರಿಗೆ ಅಯೋಡಿನ್ ಹಾಕಿ ನಿಂಬೆ ಹಿಂಡಿದರೆ ಕಂದು ಬಣ್ಣವೇ ಹೋಯಿತು. ನಿಂಬೆಯ ವಿಟಮಿನ್ ಸಿ ಅಯೋಡಿನ್ನನ್ನು ಬಣ್ಣವಿಲ್ಲದ ಅಯೋಡೈಡ್ ಮಾಡಿಬಿಡುತ್ತದೆ. ಮರುದಿನ ಅಂಗಡಿಯ ಬಿಳಿ ವಿನೆಗರ್ ತಂದೆ. ಅದರಲ್ಲಿ ಈ ಕಾಟ ಇಲ್ಲ. ಹುಳಿ ಅಳೆಯುವ ಪಿಎಚ್ ಪೇಪರ್ ಸುಮಾರು 3 ತೋರಿಸಿತು (7 ಅಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ, ಅದಕ್ಕಿಂತ ಕಮ್ಮಿಯಾದಷ್ಟೂ ಹುಳಿ ಜಾಸ್ತಿ). ಇಪ್ಪತ್ತು ನಿಮಿಷ ಕಳೆದರೂ ಪ್ರತಿ ಹನಿಯೂ ಕಡುನೀಲಿ. ಅಡುಗೆ ಸೋಡಾ ಹಾಕುವವರಿಗೂ ಒಂದು ಮಾತು: ಚಿಟಿಕೆಗಿಂತ ಜಾಸ್ತಿ ಬೇಡ, ಕ್ಷಾರವೂ ಅಯೋಡಿನ್ನನ್ನು ತಿನ್ನುತ್ತದೆ. ಏನೇ ಬೆರೆಸಿದರೂ ಜೊಲ್ಲಿಲ್ಲದ ಜೋಡಿ ಪ್ರನಾಳವೊಂದು ಪಕ್ಕದಲ್ಲಿ ಇರಲೇಬೇಕು.

"ಹಾಗಾದ್ರೆ ಚಿತ್ರಾನ್ನ ತಿಂದ್ರೆ ಜೀರ್ಣ ಆಗಲ್ವಾ ಮಿಸ್?" ಇದನ್ನು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ನನಗೂ ಇಷ್ಟ. ಜೊಲ್ಲಿನ ಅಮೈಲೇಸ್‌ಗೆ ಪಿಎಚ್ 7ರ ಆಸುಪಾಸು ಹಿತ. ಜಠರದಲ್ಲಿ ಪಿಎಚ್ 2ರ ಸುತ್ತ ಇರುತ್ತದೆ. ಅಲ್ಲಿ ಇದು ಕೈಚೆಲ್ಲುತ್ತದೆ, ಪ್ರೋಟೀನ್ ಕತ್ತರಿಸುವ ಪೆಪ್ಸಿನ್‌ಗೆ ಅದೇ ಹಬ್ಬ. ಮುಂದೆ ಸಣ್ಣ ಕರುಳಿಗೆ ಇಳಿದಾಗ ಮೇದೋಜೀರಕದ ರಸ ಆ ಹುಳಿಯನ್ನು ತಣಿಸುತ್ತದೆ, ಜೊತೆಗೆ ತನ್ನದೇ ಅಮೈಲೇಸನ್ನೂ ತರುತ್ತದೆ. ಅನ್ನದ ಹೆಚ್ಚಿನ ಪಾಲು ಕರಗುವುದು ಅಲ್ಲೇ. ಚಿತ್ರಾನ್ನಕ್ಕೆ ಏನೂ ಭಯವಿಲ್ಲ.

ಈ ಸಲ ಡಿಸೆಂಬರ್‌ನಲ್ಲಿ ಮಾಡಿಸಿದೆ. ಲ್ಯಾಬ್‌ನಲ್ಲಿ 22 ಡಿಗ್ರಿ. ಒಂದು ತಂಡದ ಲೆಕ್ಕ ಹೇಳುತ್ತೇನೆ. 37 ಡಿಗ್ರಿಯ ಮಗ್ಗಿನಲ್ಲಿಟ್ಟದ್ದು ಆರನೇ ನಿಮಿಷಕ್ಕೆ ಹಳದಿ. ಹೊರಗೆ ಸ್ಟ್ಯಾಂಡಿನಲ್ಲಿದ್ದದ್ದು ಹದಿನೈದಕ್ಕೆ. ಐಸ್‌ನಲ್ಲಿದ್ದದ್ದು ಇಪ್ಪತ್ತಾದರೂ ನೀಲಿ. ಜೊಲ್ಲನ್ನು ಮೊದಲೇ ಕುದಿಸಿ ಆರಿಸಿ ಹಾಕಿದ್ದೂ ನೀಲಿ. ಐಸಿನದು, ಕುದಿಸಿದ್ದು ಎರಡೂ ಟೈಲ್ಸ್ ಮೇಲೆ ಅಕ್ಕಪಕ್ಕ, ಒಂದೇ ಬಣ್ಣ. "ಎರಡರಲ್ಲೂ ಕಿಣ್ವ ಸತ್ತಿದೆ" ಎಂದರು ಮಕ್ಕಳು.

ಆಗ ಅವರಿಗೆ ವಿಲಿಯಂ ಬ್ಯೂಮಾಂಟ್ ಕಥೆ ಹೇಳಿದೆ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನ ಹೊಟ್ಟೆಗೆ ಗುಂಡು ಬಿತ್ತು. ಬದುಕಿದ, ಆದರೆ ಜಠರಕ್ಕೆ ಬಿದ್ದ ತೂತು ಮುಚ್ಚಲಿಲ್ಲ. ಸೇನೆಯ ಡಾಕ್ಟರ್ ಬ್ಯೂಮಾಂಟ್ ಆ ತೂತಿನಿಂದ ಜಠರರಸ ತೆಗೆದು ಶೀಶೆಯಲ್ಲಿ ಮಾಂಸದ ಜೊತೆ ಇಟ್ಟು ನೋಡಿದ. ಮೈಬಿಸಿಯಲ್ಲಿಟ್ಟದ್ದು ಕರಗಿತು, ತಣ್ಣಗಿಟ್ಟದ್ದು ಹಾಗೇ ಕೂತಿತು. (ಆ ಮನುಷ್ಯನನ್ನು ವರ್ಷಗಟ್ಟಲೆ ಪ್ರಯೋಗದ ವಸ್ತು ಮಾಡಿಕೊಂಡದ್ದು ಸರಿಯಾ ಎಂದು ಒಬ್ಬಳು ಕೇಳಿದಳು. ಸರಿಯಲ್ಲ ಎಂದೆ.)

ಕಥೆ ಮುಗಿಯುವಷ್ಟರಲ್ಲಿ ಅವಳೇ ಐಸಿನ ಪ್ರನಾಳವನ್ನು ತೆಗೆದು ಒರೆಸಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಪಕ್ಕದವಳ ಮುಷ್ಟಿಯಲ್ಲಿ ಕುದಿಸಿದ ಜೊಲ್ಲಿನದು. ಇಬ್ಬರೂ ನಿಮಿಷಕ್ಕೊಂದು ಹನಿ ಬಿಡುತ್ತಾ ಹೋದರು. ಹತ್ತನೇ ಹನಿಗೆ ಅವಳದು ಕಂದಾಯಿತು, ಹದಿಮೂರಕ್ಕೆ ಹಳದಿ. ಪಕ್ಕದವಳು ಊಟದ ಬೆಲ್ ಹೊಡೆದರೂ ಕೈ ಬಿಡಲಿಲ್ಲ. ಅವಳ ಸಾಲಿನಲ್ಲಿ ಕೊನೆಯ ಹನಿಯವರೆಗೂ ನೀಲಿಯೇ.