ಏರ್ ಪಿಸ್ತೂಲಿನ ಸೈಟ್ ತಿರುಗಿಸುವ ಮುನ್ನ

10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸವನ್ನು ಹೊಸದಾಗಿ ಆರಂಭಿಸಿದ ಮಿತ್ರರು ಒಂದೆರಡು ಪೆಲೆಟ್ (ಪುಟ್ಟ ಗುಂಡು) ಗುರಿ ತಪ್ಪಿದೊಡನೆಯೇ ಹಿಂದಿನ ಸೈಟಿನ (ಗುರಿ ನೋಡಲು ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಇರುವ ಎರಡು ಭಾಗಗಳಲ್ಲಿ ಕಣ್ಣಿಗೆ ಹತ್ತಿರದ್ದು) ತಿರುಪಿಗೆ ಕೈಹಾಕುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. ಕನಿಷ್ಠ ಐದು ಪೆಲೆಟ್‌ಗಳು ಒಂದೆಡೆ ಗುಂಪಾಗಿ ಬಿದ್ದ ಮೇಲಷ್ಟೇ, ಆ ಗುಂಪಿನ ನಡುಭಾಗವನ್ನು ಲೆಕ್ಕಕ್ಕೆ ಹಿಡಿದು, ತಿರುಪನ್ನು ಮುಟ್ಟಬೇಕು. ಚದುರಿ ಬಿದ್ದಿದ್ದರೆ ದೋಷವಿರುವುದು ಬಹುಮಟ್ಟಿಗೆ ನಮ್ಮ ಹಿಡಿತದಲ್ಲಿ ಅಥವಾ ಟ್ರಿಗರ್ ಎಳೆಯುವ ಬೆರಳಿನಲ್ಲಿ.

ಪೆಲೆಟ್ ಯಾವ ಕಡೆಗೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಬೇಕು. ಎರಡು ಸೈಟುಗಳ ನಡುವೆ 320 ಮಿ.ಮೀ. ಅಂತರವಿದ್ದರೆ, ಹಿಂದಿನದು 0.1 ಮಿ.ಮೀ. ಸರಿದಾಗ ಗುರಿಹಾಳೆಯ ಮೇಲೆ ಪೆಲೆಟ್ ಬೀಳುವ ಜಾಗ ಸುಮಾರು 3 ಮಿ.ಮೀ. ಸರಿಯುತ್ತದೆ. ಒಂದು ಅಂಕದ ವರ್ತುಲಕ್ಕೂ ಮುಂದಿನದಕ್ಕೂ ಇರುವ ಅಂತರ 8 ಮಿ.ಮೀ. ಮಾತ್ರ ಎಂಬುದನ್ನು ನೆನೆದರೆ, ತಿರುಪು ತಿರುಗುವಾಗ ‘ಟಿಕ್’ ಎನ್ನುವ ಪ್ರತಿ ಸದ್ದನ್ನೂ ಎಣಿಸಿ ಬರೆದಿಡುವುದು ಏಕೆ ಅಗತ್ಯವೆಂದು ತಿಳಿಯುತ್ತದೆ. ತಿರುಪಿನ ಮೇಲಿನ ಗುರುತುಗಳ ಅರ್ಥ ಎಲ್ಲ ಪಿಸ್ತೂಲುಗಳಲ್ಲೂ ಒಂದೇ ಆಗಿರುವುದಿಲ್ಲವಾದ್ದರಿಂದ ಕೈಪಿಡಿಯನ್ನು ದಯವಿಟ್ಟು ಮೊದಲು ಓದಿ.

ಮನೆಯಲ್ಲಿ ಪೆಲೆಟ್ ಹಾರಿಸಬೇಡಿ. ಅಲ್ಲಿ ಮಾಡಬಹುದಾದದ್ದು ಹಿಂದಿನ ಸೈಟಿನ ಕಚ್ಚಿನ ಅಗಲವನ್ನು ಹೊಂದಿಸುವ ಕೆಲಸ. ನಳಿಕೆಯಲ್ಲಿ ಪೆಲೆಟ್ ಇಲ್ಲವೆಂದು ಎರಡು ಸಲ ನೋಡಿ, ಗಾಳಿಯ ಸಿಲಿಂಡರನ್ನು ಬಿಚ್ಚಿಟ್ಟು, ಯಾರೂ ಓಡಾಡದ ಕಡೆಯ ಬಿಳಿ ಗೋಡೆಯತ್ತ ತೋಳು ಚಾಚಿ ನಿಲ್ಲಿ. ಕಚ್ಚಿನ ನಡುವೆ ಕಾಣುವ ಮುಂದಿನ ಸೈಟಿನ ಎರಡೂ ಬದಿಯಲ್ಲಿ ಬೆಳಕಿನ ಸಮನಾದ ಗೆರೆ ಸ್ಪಷ್ಟವಾಗಿ ಕಾಣಬೇಕು. ಆ ಗೆರೆ ತೀರ ತೆಳುವಾದರೆ ಕಣ್ಣು ಬೇಗ ದಣಿಯುತ್ತದೆ. ಆದ್ದರಿಂದ ಹೊಸಬರು ಅದನ್ನು ತುಸು ಅಗಲವಾಗಿಯೇ ಇಟ್ಟುಕೊಳ್ಳುವುದು ಒಳಿತೆಂದು ನನ್ನ ಅಭಿಪ್ರಾಯ.