ತಮಗೋಚಿ ಎಷ್ಟು ದಿನ ಬಾಳಿತು? ದಾಖಲೆಗೆ ನಿಲ್ಲುವಂತೆ ಲೆಕ್ಕ ಇಡುವ ಬಗೆ

ತಮಗೋಚಿ ಎಂದರೆ ಅಂಗೈಯಲ್ಲಿ ಹಿಡಿಯುವ ಚಿಕ್ಕ ಆಟಿಕೆ; ಅದರ ಪರದೆಯಲ್ಲಿ ಮೊಟ್ಟೆಯೊಡೆದು ಬರುವ ಮರಿಯನ್ನು ಉಣಿಸಿ ಸಾಕಬೇಕು. ಅದರ ಪರದೆಯಲ್ಲಿ ವಯಸ್ಸು 41 ಎಂದಿದ್ದರೆ ಅದು ನಮ್ಮ ಲೆಕ್ಕದಲ್ಲಿ 41 ದಿನ. ಅಲ್ಲಿ ಒಂದು ದಿನಕ್ಕೆ ಒಂದು ವರ್ಷ. ಆದರೆ ಆ ಅಂಕಿಯ ಫೋಟೊ ಒಂದರಿಂದಲೇ ಏನೂ ಸಾಬೀತಾಗುವುದಿಲ್ಲ. ಹಲವು ಮಾದರಿಗಳಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ವಯಸ್ಸು ಏರಿಸಬಹುದು. 1996ರ ನವೆಂಬರ್‌ನಲ್ಲಿ ಆಟಿಕೆ ಕಂಪನಿ ಬಂಡೈ ಜಪಾನಿನಲ್ಲಿ ಬಿಟ್ಟ ಮೊದಲ ಮಾದರಿಯಲ್ಲಂತೂ ಗಡಿಯಾರ ಹೊಂದಿಸುವ ಪರದೆಯಲ್ಲೇ ಬಿಟ್ಟುಬಿಟ್ಟರೆ ಮರಿಯ ಕಾಲ ನಿಂತೇ ಹೋಗುತ್ತದೆ. ಹಾಗಾಗಿ ನೀವು ತೋರಿಸಬೇಕಾದ್ದು ವಯಸ್ಸನ್ನಲ್ಲ. ಮೊಟ್ಟೆ ಒಡೆದ ಗಳಿಗೆಯಿಂದ ಕೊನೆಯವರೆಗೆ ನಡುವೆ ಎಲ್ಲೂ ಕೊಂಡಿ ಕಳಚಿಲ್ಲ ಎಂಬುದನ್ನು.

ಕೆಲಸ ಶುರುವಾಗುವುದು ಮೊಟ್ಟೆ ಬರುವ ಮೊದಲೇ. ಗಿನ್ನೆಸ್‌ಗೆ ಕಳಿಸುವ ಮನಸ್ಸಿದ್ದರೆ ಈಗಲೇ ಅರ್ಜಿ ಹಾಕಿ, ಅವರ ನಿಯಮಾವಳಿ ತರಿಸಿಕೊಳ್ಳಿ. ಶುಲ್ಕವಿಲ್ಲದ ಅರ್ಜಿಗೆ ಉತ್ತರ ಬರಲು 12 ವಾರದವರೆಗೂ ಹಿಡಿಯಬಹುದು. ಅಷ್ಟರಲ್ಲಿ ಮರಿಗೆ 84 ವರ್ಷ ಆಗಿರುತ್ತದೆ, ಕಳೆದ ದಿನಗಳ ಸಾಕ್ಷಿಯನ್ನು ಆಮೇಲೆ ಹುಟ್ಟಿಸಲಾಗದು. ಮನೆಯವರಲ್ಲದ ಇಬ್ಬರು ಸಾಕ್ಷಿಗಳನ್ನೂ ಮೊದಲೇ ಒಪ್ಪಿಸಿಡಿ.

ಮೊದಲ ದಿನ ಒಂದೇ ಓಟದ ವಿಡಿಯೊ ತೆಗೆಯಿರಿ, ನಡುವೆ ಕತ್ತರಿ ಬೇಡ. ಸಾಧನದ ಮುಂದೆ, ಹಿಂದೆ, ಅಂಚು, ಅದರ ಮೇಲಿನ ಗೀರುಗಳು ಎಲ್ಲವೂ ಕಾಣಲಿ. ಮುಂದೆ ‘ಇದು ಅದೇ ಸಾಧನ’ ಎಂದು ಹೇಳುವುದು ಈ ಗೀರುಗಳೇ. ಹೊಸ ಬ್ಯಾಟರಿ ಹಾಕಿ, ಫೋನಿನ ಗಡಿಯಾರ ಪಕ್ಕದಲ್ಲಿಟ್ಟು ಸಮಯ ಹೊಂದಿಸಿ, ಮೊಟ್ಟೆ ಒಡೆಯುವವರೆಗೂ ಕ್ಯಾಮೆರಾ ಓಡಲಿ. ನಂತರ ಬ್ಯಾಟರಿ ಮುಚ್ಚಳದ ಮೇಲೆ ತೆಳು ಕಾಗದದ ಪಟ್ಟಿ ಅಂಟಿಸಿ. ಸಾಕ್ಷಿಯ ಸಹಿ ಅರ್ಧ ಕಾಗದದ ಮೇಲೆ, ಅರ್ಧ ಪ್ಲಾಸ್ಟಿಕ್ಕಿನ ಮೇಲೆ ಬೀಳಬೇಕು. ಪಟ್ಟಿ ಬಿಚ್ಚಿ ಮತ್ತೆ ಅಂಟಿಸಿದರೆ ಗೆರೆ ಕೂಡುವುದಿಲ್ಲ.

ದಿನಚರಿಗೆ ಹೊಲಿದು ಕಟ್ಟಿದ ಲಾಂಗ್ ಬುಕ್ ಬೇಕು. ಸ್ಪೈರಲ್ ಬೇಡ, ಹಾಳೆ ಕಿತ್ತರೆ ಗೊತ್ತಾಗುವುದಿಲ್ಲ. ಎಲ್ಲ ಪುಟಗಳಿಗೂ ಮೊದಲೇ ಸಂಖ್ಯೆ ಹಾಕಿ. ಬೆಳಗ್ಗೆ ಒಮ್ಮೆ, ರಾತ್ರಿ ಅದು ಮಲಗುವ ಮುಂಚೆ ಒಮ್ಮೆ ಒಂದು ಸಾಲು ಬರೆದರೆ ಸಾಕು. ಸಾಲು ಹೀಗಿರಲಿ (ಹಸಿವು, ಖುಷಿಗಳನ್ನು ಪರದೆ ಹೃದಯದ ಚಿತ್ರಗಳಲ್ಲಿ ತೋರಿಸುತ್ತದೆ): ‘41ನೇ ದಿನ, ಬೆಳಗ್ಗೆ 9.14. ಸಾಧನದ ಗಡಿಯಾರ 70 ಸೆಕೆಂಡ್ ಮುಂದೆ. ವಯಸ್ಸು 41. ಹಸಿವಿನ ಹೃದಯ 3, ಖುಷಿಯದು 4. ಒಮ್ಮೆ ಕಾಯಿಲೆ, ಔಷಧಿ ಕೊಟ್ಟಿದೆ.’ ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ತಿದ್ದಿ, ವೈಟ್ನರ್ ಮುಟ್ಟಬೇಡಿ. ಒಂದು ಹೊತ್ತು ತಪ್ಪಿದರೆ ‘ನೋಡಿಲ್ಲ’ ಎಂದೇ ಬರೆಯಿರಿ. ಖಾಲಿ ಬಿಟ್ಟ ಸಾಲಿನಿಂದ ದಾಖಲೆ ಬೀಳುವುದಿಲ್ಲ, ಆಮೇಲೆ ನೆನಪಿನಿಂದ ತುಂಬಿದ ಸಾಲಿನಿಂದ ಬೀಳುತ್ತದೆ.

ಆ 70 ಸೆಕೆಂಡನ್ನು ಬಹಳ ಜನ ಬರೆಯುವುದಿಲ್ಲ, ಆದರೆ ಇಡೀ ಪುಸ್ತಕದಲ್ಲಿ ಅತ್ಯಂತ ಬೆಲೆಯುಳ್ಳ ಅಂಕಣ ಅದೇ. ಇಂಥ ಸಾಧನದ ಒಳಗೆ ಕಾಲ ಎಣಿಸುವುದು 32,768 ಹರ್ಟ್ಸ್‌ನ ಚಿಕ್ಕ ಸ್ಫಟಿಕ. ಅದು ಹತ್ತು ಲಕ್ಷಕ್ಕೆ 20ರಷ್ಟು ಆಚೀಚೆ ಓಡಿದರೂ ದಿನಕ್ಕೆ ಸುಮಾರು 1.7 ಸೆಕೆಂಡ್ ವ್ಯತ್ಯಾಸ ಬೀಳುತ್ತದೆ. ನಿಮ್ಮ ಸಾಧನದ ಓಟ ಹೆಚ್ಚೋ ಕಡಿಮೆಯೋ ಇರಬಹುದು, ಸೆಕೆಗೆ, ಚಳಿಗೆ ತುಸು ಬದಲಾಗಲೂಬಹುದು. ಆದರೆ ಅದು ಮೆಲ್ಲಗೆ, ಒಂದೇ ದಿಕ್ಕಿಗೆ ಸಾಗುತ್ತದೆ. ಯಾರಾದರೂ ನಡುವೆ ಗಡಿಯಾರ ಮುಟ್ಟಿದರೆ ಆ ಗೆರೆ ಅಲ್ಲೇ ಜಿಗಿಯುತ್ತದೆ. ಅಳೆಯುವುದು ಸುಲಭ: ಸಾಧನದಲ್ಲಿ ನಿಮಿಷ ಬದಲಾಗುವ ಕ್ಷಣವನ್ನೂ ಫೋನಿನ ಸೆಕೆಂಡನ್ನೂ ಒಟ್ಟಿಗೆ ವಿಡಿಯೊದಲ್ಲಿ ಹಿಡಿಯಿರಿ. ಗಡಿಯಾರ ತಪ್ಪು ತೋರಿಸುತ್ತಿದೆ ಎಂದು ಸರಿಪಡಿಸಲು ಹೋಗಬೇಡಿ. ದುಬೈಗೆ ಹೋದರೂ ಅದು ಭಾರತದ ಸಮಯದಲ್ಲೇ ಇರಲಿ. ಅಮೆರಿಕದಲ್ಲಿರುವವರು ಮಾರ್ಚ್, ನವೆಂಬರ್‌ಗಳಲ್ಲಿ ಮನೆಯ ಗಡಿಯಾರ ತಿರುಗಿಸುವಾಗ ಇದನ್ನು ಮುಟ್ಟಬಾರದು.

ಕ್ಯಾಲೆಂಡರ್ ದಿನ ಮತ್ತು ವಯಸ್ಸು ಎರಡನ್ನೂ ಬರೆಯುವುದಕ್ಕೂ ಇಂಥದೇ ಕಾರಣ. ಇವೆರಡರ ನಡುವೆ ಒಂದು ದಿನದ ಅಂತರ ಇದ್ದರೂ ಚಿಂತೆಯಿಲ್ಲ, ಕೊನೆತನಕ ಅದೇ ಇದ್ದರೆ ಸಾಕು. ಅಂತರ ಹೆಚ್ಚಿದರೆ ನಡುವೆ ಕಾಲ ನಿಲ್ಲಿಸಲಾಗಿದೆ ಎಂದರ್ಥ. ಪರೀಕ್ಷೆಗೋ ಕೆಲಸಕ್ಕೋ ನಿಲ್ಲಿಸಲೇಬೇಕಾದರೆ ಎಷ್ಟು ಹೊತ್ತಿಂದ ಎಷ್ಟು ಹೊತ್ತಿಗೆ ಎಂದು ಬರೆದು ಒಟ್ಟು ಲೆಕ್ಕದಿಂದ ಕಳೆಯಿರಿ. ಅಂಕಿ 99ಕ್ಕೆ ನಿಂತುಬಿಟ್ಟರೆ ಮುಂದಿನ ದಿನಗಳಿಗೆ ಪುಸ್ತಕವೊಂದೇ ಆಧಾರ.

ವಾರಕ್ಕೊಮ್ಮೆ ಫೋಟೊ: ವಯಸ್ಸು ತೋರಿಸುವ ಪರದೆ, ಅದರ ಕೆಳಗೆ ಅಂದಿನ ಪ್ರಜಾವಾಣಿಯೋ ವಿಜಯ ಕರ್ನಾಟಕವೋ, ತಲೆಬರಹ ಮತ್ತು ದಿನಾಂಕ ಓದುವಂತಿರಲಿ. ಫ್ಲ್ಯಾಶ್ ಹಾಕಿದರೆ ಪರದೆ ಬೆಳ್ಳಗಾಗಿ ಅಂಕಿ ಮಾಯ. ಕಿಟಕಿ ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ. ಪತ್ರಿಕೆ ಹೇಳುವುದು ಫೋಟೊ ಆ ದಿನಕ್ಕಿಂತ ಮುಂಚಿನದಲ್ಲ ಎಂದಷ್ಟೆ. ಹಳೆಯ ಪತ್ರಿಕೆ ಇಟ್ಟುಕೊಂಡು ಆಮೇಲೆ ತೆಗೆದಿಲ್ಲ ಎನ್ನಲು ಅದೇ ದಿನ ಮೂಲ ಕಡತವನ್ನು ಸಾಕ್ಷಿಗಳಿಗೆ ಇಮೇಲ್ ಮಾಡಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ, ಒಳಗಿನ ದಿನಾಂಕದ ಮಾಹಿತಿಯೂ ಹೋಗುತ್ತದೆ. ವಿಡಿಯೊ ದೊಡ್ಡದಾದರೆ ಅದರ ಎಸ್‌ಎಚ್‌ಎ-256 ಮೊತ್ತದ (ಕಡತದಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ, ಬೆರಳಚ್ಚಿನಂಥ ಗುರುತು) 64 ಅಕ್ಷರಗಳನ್ನು ಮಾತ್ರ ಕಳಿಸಿದರೂ ನಡೆಯುತ್ತದೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ಅಕ್ಷರಗಳು ಹೊಂದುವುದಿಲ್ಲ.

ಇನ್ನು ಬ್ಯಾಟರಿ. ದೀರ್ಘಾಯುಷಿಗಳು ಹೋಗುವುದು ಹೆಚ್ಚಾಗಿ ಇಲ್ಲೇ. ಹಳೆಯ ಮಾದರಿಯಲ್ಲಿ ವಿದ್ಯುತ್ ಹೋದರೆ ನೆನಪೂ ಹೋಗುತ್ತದೆ. ಬ್ಯಾಟರಿ ಬಡವಾದಾಗ ಒಂದು ‘ಬೀಪ್’ ಎಳೆಯುವ ವಿದ್ಯುತ್ತಿಗೇ ವೋಲ್ಟೇಜ್ ಕುಸಿದು ಎಲ್ಲ ಅಳಿಸಿಹೋಗಬಹುದು. ಆದ್ದರಿಂದ ಎ ಮತ್ತು ಸಿ ಗುಂಡಿಗಳನ್ನು ಒಟ್ಟಿಗೆ ಒತ್ತಿ ಸದ್ದು ನಿಲ್ಲಿಸಿಡಿ. ಪರದೆಯ ಅಕ್ಷರ ಮಸುಕಾಗುತ್ತಿದ್ದಂತೆ ಬದಲಿಸಿ, ಕೊನೆಯ ಹನಿಗೆ ಕಾಯಬೇಡಿ. ಎರಡು ಎಲ್‌ಆರ್44 (ಗುಂಡಿಯಾಕಾರದ ಸೆಲ್) ಹಾಕುವ ಸಾಧನವಾದರೆ ಎರಡು ಎಎಎ ಸೆಲ್‌ಗಳ ಹೋಲ್ಡರಿನಿಂದ ಹೊರಗಿನ ವಿದ್ಯುತ್ ಕೊಡಬಹುದು. ಧನ (+) ತಂತಿಯಲ್ಲಿ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ 1ಎನ್5817 ಡಯೋಡ್ ಹಾಕಿ, ಅದರ ಬಿಳಿ ಪಟ್ಟಿ ಸಾಧನದ ಕಡೆಗಿರಲಿ. ಡಯೋಡ್ ಇಲ್ಲದಿದ್ದರೆ ವಿದ್ಯುತ್ ಹಿಮ್ಮುಖ ಹರಿಯುವ ಅಪಾಯವಿದೆ. ತಂತಿಗಳನ್ನು ಬ್ಯಾಟರಿ ಸಾಲಿನ ಎರಡು ತುದಿಯ ತಗಡುಗಳಿಗೆ ಮುಟ್ಟಿಸಿ ಟೇಪಿನಿಂದ ಬಿಗಿ ಮಾಡಿ, ಆಮೇಲೆ ಹಳೆಯ ಸೆಲ್ ತೆಗೆದು ಹೊಸದು ಕೂರಿಸಿ. ಸೆಲ್ ತೆಗೆಯುವಾಗ ಕಬ್ಬಿಣದ ಚಿಮಟ ಬೇಡ, ಎರಡು ತಗಡಿಗೂ ತಾಗಿದರೆ ಅಲ್ಲಿಗೆ ಮುಗಿಯಿತು. ಬೇರೊಂದು ಸಾಧನದ ಮೇಲೆ ಮೂರು ಸಲವಾದರೂ ಕೈ ಪಳಗಿಸಿ. ನಿಜವಾಗಿ ಮಾಡುವಾಗ ಸಾಕ್ಷಿ ಎದುರಿರಲಿ, ಹಳೆ ಪಟ್ಟಿ ಹರಿಯುವುದರಿಂದ ಹೊಸ ಪಟ್ಟಿಗೆ ಸಹಿ ಬೀಳುವವರೆಗೆ ವಿಡಿಯೊ ಓಡಲಿ.

ಕಂಪ್ಯೂಟರಿನಲ್ಲಿ ಎಮ್ಯುಲೇಟರ್ (ಸಾಧನವನ್ನು ಅನುಕರಿಸುವ ತಂತ್ರಾಂಶ) ಓಡಿಸುವ ಮರಿಗಳನ್ನು ಇದೇ ಪಟ್ಟಿಗೆ ಸೇರಿಸಬೇಡಿ. ಅಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು, ಸತ್ತದ್ದನ್ನೂ ಎಬ್ಬಿಸಬಹುದು.

ಮರಿ ಹೋದ ದಿನ ಯಾವ ಗುಂಡಿಯನ್ನೂ ಒತ್ತಬೇಡಿ, ಒತ್ತಿದರೆ ಹೊಸ ಮೊಟ್ಟೆ ಬಂದು ಕೊನೆಯ ಪರದೆ ಅಳಿಸಿಹೋಗಬಹುದು. ಆ ಪರದೆಯನ್ನೂ ಮುಚ್ಚಳದ ಮೇಲಿನ ಪಟ್ಟಿಯನ್ನೂ ವಿಡಿಯೊದಲ್ಲಿ ಹಿಡಿದು, ಅಂದೇ ಸಾಕ್ಷಿಗಳನ್ನು ಕರೆದು ಪುಸ್ತಕದ ಕೊನೆಯ ಸಾಲಿನ ಕೆಳಗೆ ಸಹಿ ಹಾಕಿಸಿ. ಪರಿಶೀಲನೆ ಮುಗಿದು ಉತ್ತರ ಬರುವವರೆಗೆ ಸಾಧನವನ್ನು ಹಾಗೆಯೇ ಡಬ್ಬಿಯಲ್ಲಿಡಿ.