ಗೇಮ್ ಬಾಯ್ ಪರದೆ: ಮೊದಲು ಗೆರೆ ಸರಿಪಡಿಸಿ, ಐಪಿಎಸ್ ಆಮೇಲೆ

ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ 1989ರ ಮೊದಲ ಗೇಮ್ ಬಾಯ್, ಅಂದರೆ ಹಿಂಬದಿಯಲ್ಲಿ ಡಿಎಂಜಿ-01 ಎಂದಿರುವ ದಪ್ಪ ಬೂದು ಸೆಟ್, ಇವತ್ತು ಕೈಗೆ ಸಿಕ್ಕರೆ ಪರದೆಯ ಮೇಲೆ ಒಂದಷ್ಟು ಉದ್ದ ಗೆರೆಗಳು ಮಾಯವಾಗಿರುವುದು ಮಾಮೂಲು. ನೋಡಿದ ಕೂಡಲೇ ಐಪಿಎಸ್ ಕಿಟ್, ಅಂದರೆ ಹಳೆ ಪರದೆಯ ಬದಲು ಹಾಕುವ ಹೊಸ ಬಗೆಯ ಎಲ್‌ಸಿಡಿ, ತರಿಸಲು ಓಡುವವರೇ ಹೆಚ್ಚು. ನಾನು ಮೊದಲು ಹಳೆ ಗಾಜನ್ನೇ ಉಳಿಸಲು ನೋಡುತ್ತೇನೆ. ಬಹಳ ಸಲ ಉಳಿಯುತ್ತದೆ, ಖರ್ಚೂ ಇಲ್ಲ.

ಬಿಚ್ಚುವ ಮುಂಚೆ ಸೆಟ್ ಆನ್ ಮಾಡಿ ಎಡಗಡೆಯ ಕಾಂಟ್ರಾಸ್ಟ್ ಚಕ್ರವನ್ನು ಪೂರ್ತಿ ಏರಿಸಿ. ಇಡೀ ಪರದೆ ಕಪ್ಪಾದಾಗ, ಸತ್ತ ಗೆರೆಗಳು ಮಾತ್ರ ಬೆಳ್ಳಗೆ ಎದ್ದು ಕಾಣುತ್ತವೆ. ಮೇಲಿಂದ ಕೆಳಕ್ಕೆ ಹೋದ ಗೆರೆಯಾದರೆ ಒಳ್ಳೆಯ ಸುದ್ದಿ. ಅಡ್ಡ ಗೆರೆ ಅಪರೂಪ, ಆದರೆ ಕಷ್ಟದ ಕೆಲಸ. ಮಸಿ ಚೆಲ್ಲಿದಂಥ ಕಲೆ ಇದ್ದರೆ ಗಾಜು ಒಡೆದು ಒಳಗಿನ ದ್ರವ ಸೋರಿದೆ, ಅದಕ್ಕೆ ಔಷಧಿ ಇಲ್ಲ. ಬಿಸಿಲಿಗೆ ಸುಟ್ಟ ಹಾಗೆ ಮಧ್ಯದಲ್ಲಿ ಕಂದು ಮಬ್ಬು ಇದ್ದರೆ ಕೆಟ್ಟಿರುವುದು ಗಾಜಿಗೆ ಅಂಟಿಸಿರುವ, ಬೆಳಕು ಸೋಸುವ ಪೋಲರೈಸರ್ ಹಾಳೆ ಅಷ್ಟೇ. ಸದ್ದು ಬಂದು ಚಿತ್ರವೇ ಇಲ್ಲದಿದ್ದರೆ ಸೆಟ್ಟಿನ ಮುಂದಿನ ಹಿಂದಿನ ಭಾಗಗಳ ನಡುವಿನ ರಿಬ್ಬನ್ ಕೇಬಲ್, ಪವರ್ ಬೋರ್ಡ್ ಎರಡನ್ನೂ ನೋಡಬೇಕು. ಎಲ್‌ಸಿಡಿಗೆ ಬೇಕಾದ ನೆಗೆಟಿವ್ ವೋಲ್ಟೇಜ್ ತಯಾರಾಗುವುದು ಆ ಚಿಕ್ಕ ಪವರ್ ಬೋರ್ಡಿನಲ್ಲೇ.

ಹಿಂಬದಿಯಲ್ಲಿ ಮೂರು ಎಸಳಿನ (ಟ್ರೈ-ವಿಂಗ್) ಸ್ಕ್ರೂ 6 ಇವೆ, ಅದರಲ್ಲಿ 2 ಬ್ಯಾಟರಿ ಗೂಡಿನೊಳಗೆ. ಇದಕ್ಕೆ ವೈ ಬಿಟ್ ಬೇಕು. ಬೆಂಗಳೂರಿನ ಎಸ್.ಪಿ. ರೋಡಿನ ಮೊಬೈಲ್ ರಿಪೇರಿ ಟೂಲ್ ಅಂಗಡಿಗಳಲ್ಲಿ ಕೇಳಿ. ಫ್ಲಾಟ್ ಸ್ಕ್ರೂಡ್ರೈವರ್ ತುರುಕಿ ತಿರುಗಿಸಿದರೆ ತಲೆ ಸವೆದು ಆಮೇಲೆ ಡ್ರಿಲ್ಲೇ ಗತಿ. ಎರಡು ಭಾಗಗಳನ್ನು ಜೋಡಿಸುವ ರಿಬ್ಬನ್ನಿನ ಎರಡೂ ಅಂಚು ಸಮನಾಗಿ ಹಿಡಿದು ನೇರ ಎಳೆಯಬೇಕು, ಓರೆಯಾಗಿ ಎಳೆದರೆ ಸೀಳುತ್ತದೆ.

ಈಗ ಗೆರೆಯ ವಿಷಯ. ಪರದೆಯಲ್ಲಿ 160 ಕಾಲಮ್, 144 ಸಾಲು. ಕಾಲಮ್‌ಗಳಿಗೆ ಸಿಗ್ನಲ್ ತರುವ ಫ್ಲೆಕ್ಸ್ ಕೇಬಲ್ ಗಾಜಿನ ಕೆಳ ಅಂಚಿಗೆ ಅಂಟಿಕೊಂಡಿರುತ್ತದೆ, ಬೆಸುಗೆ ಹಾಕಿದ್ದಲ್ಲ. ವಿದ್ಯುತ್ ಹರಿಯುವ ಅಂಟನ್ನು ಬಿಸಿ ಮಾಡಿ ಒತ್ತಿ ಕೂರಿಸಿದ್ದು. ಕಾಲಕ್ರಮೇಣ ಆ ಅಂಟು ಬಿಡುತ್ತದೆ, ಬಿಟ್ಟ ಜಾಗದ ಕಾಲಮ್ ಸಾಯುತ್ತದೆ. ಮತ್ತೆ ಹದವಾಗಿ ಬಿಸಿ ಕೊಟ್ಟು ಒತ್ತಿದರೆ ಕೂರುತ್ತದೆ.

ಕೆಳ ಅಂಚಿನ ರಬ್ಬರ್ ಪಟ್ಟಿಯನ್ನು ಪ್ಲಾಸ್ಟಿಕ್ ಚಿಮುಟದಿಂದ ಎಬ್ಬಿಸಿ ತೆಗೆಯಿರಿ. ಸೋಲ್ಡರಿಂಗ್ ಐರನ್ನಿಗೆ ಅಗಲ ಬಿಟ್ ಹಾಕಿ, ಬಿಟ್ಟಿನ ಮೇಲೆ ಸೋಲ್ಡರ್ ಉಳಿಯದ ಹಾಗೆ ಒರೆಸಿ. ಫ್ಲೆಕ್ಸ್ ಮೇಲೆ ಒಂದು ಪದರ ಕ್ಯಾಪ್ಟಾನ್ (Kapton) ಟೇಪ್, ಅಂದರೆ ಬಿಸಿ ತಡೆಯುವ ಟೇಪ್ ಇರಲಿ. ನಾನು 200 ಡಿಗ್ರಿ ಸೆಲ್ಸಿಯಸ್‌ನಿಂದ ಶುರುಮಾಡಿ, ಆಗದಿದ್ದರೆ ಹತ್ತತ್ತು ಡಿಗ್ರಿ ಏರಿಸುತ್ತೇನೆ, 250 ದಾಟುವುದಿಲ್ಲ. ಟೆಂಪರೇಚರ್ ಕಂಟ್ರೋಲ್ ಇಲ್ಲದ 25 ವಾಟ್ ಐರನ್ನಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ರಿಬ್ಬನ್ ಮತ್ತೆ ಸಿಕ್ಕಿಸಿ, ಸೆಟ್ ಆನ್ ಇಟ್ಟುಕೊಂಡೇ, ಗೆರೆ ಇರುವ ಜಾಗದ ಕೆಳಗೆ ಬಿಟ್ಟನ್ನು ನಿಧಾನ ಎಡದಿಂದ ಬಲಕ್ಕೆ ಜಾರಿಸಿ. ಬೆಳ್ಳಗಿದ್ದ ಗೆರೆ ಮಿಣಮಿಣ ಅಂದು ಕಪ್ಪಾಗುವುದು ಕಣ್ಣೆದುರೇ ಕಾಣುತ್ತದೆ. ಅಲ್ಲಿ ಬಿಟ್ ಎತ್ತಿ, ಆರುವವರೆಗೆ ಎರೇಸರ್ ತುಂಡಿನಿಂದ ಒತ್ತಿ ಹಿಡಿಯಿರಿ. ಎಲ್ಲರೂ ಬಿಡುವುದು ಈ ಒತ್ತುವ ಹಂತವನ್ನೇ. ಒತ್ತದೆ ಬಿಟ್ಟರೆ ತಣ್ಣಗಾದ ಮೇಲೆ ಗೆರೆ ವಾಪಸ್ ಬರುತ್ತದೆ. ಒಂದೇ ಕಡೆ ನಿಲ್ಲಿಸಿದರೆ ಫ್ಲೆಕ್ಸ್ ಸುರುಟಿಕೊಂಡು ಪಕ್ಕದ ನಾಲ್ಕು ಗೆರೆಯೂ ಹೋಗುತ್ತದೆ, ಆಮೇಲೆ ಕಿಟ್ಟೇ ದಾರಿ.

ಗೆರೆ ಸರಿಯಾದ ಮೇಲೆ ಬೆಳಕು ಬೇಕೆನಿಸಿದರೆ ಬ್ಯಾಕ್‌ಲೈಟ್ ಹಾಕಬಹುದು. ಗಾಜಿನ ಹಿಂದಿನ ಬೆಳ್ಳಿ ಬಣ್ಣದ ಹಾಳೆಯನ್ನು (ಹಿಂದಿನ ಪೋಲರೈಸರ್ ಇರುವುದೂ ಇದರಲ್ಲೇ) ಮೂಲೆಯಿಂದ ಬ್ಲೇಡಿನಲ್ಲಿ ಎಬ್ಬಿಸಿ, ಗಾಜಿಗೆ ಬಹುತೇಕ ಸಮಾನಾಂತರವಾಗಿ ನಿಧಾನ ಸುಲಿಯಬೇಕು. ಉಳಿದ ಅಂಟನ್ನು 99 ಪರ್ಸೆಂಟ್ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಒರೆಸಿ. ಐಪಿಎ ಕೆಳ ಅಂಚಿನ ಫ್ಲೆಕ್ಸ್ ಕಡೆ ಹರಿದರೆ ಈಗಷ್ಟೇ ಕೂರಿಸಿದ ಅಂಟೂ ಹೋಗುತ್ತದೆ, ಹಾಗಾಗಿ ಬಟ್ಟೆ ಒದ್ದೆ ಮಾಡಿಕೊಳ್ಳಿ, ಗಾಜಿನ ಮೇಲೆ ಸುರಿಯಬೇಡಿ. ಹೊಸ ಪೋಲರೈಸರನ್ನು ಅಂಟಿಸುವ ಮುಂಚೆ ಹಿಂದೆ ಹಿಡಿದು ತಿರುಗಿಸಿ ನೋಡಿ. ಒಂದು ಕೋನದಲ್ಲಿ ಚಿತ್ರ ಸರಿ, 90 ಡಿಗ್ರಿ ತಿರುಗಿಸಿದರೆ ಕಪ್ಪು ಬಿಳುಪು ಅದಲುಬದಲು. ಬೇಕೆಂದೇ ಅದಲುಬದಲು ಇಟ್ಟು, ಪರದೆಗೆ ಚಿತ್ರ ತರುವ ಎರಡು ಡೇಟಾ ಲೈನ್‌ಗಳನ್ನು 74ಎಚ್‌ಸಿ04 ಇನ್ವರ್ಟರ್ ಚಿಪ್ಪಿನಿಂದ ಉಲ್ಟಾ ಮಾಡಿದರೆ ಕಾಂಟ್ರಾಸ್ಟ್ ಗಮನಾರ್ಹವಾಗಿ ಹೆಚ್ಚುತ್ತದೆ. ಬೈವರ್ಟ್ ಅನ್ನುವುದು ಇದಕ್ಕೇ. 3 ವೋಲ್ಟಿನ ಬಿಳಿ ಎಲ್‌ಇಡಿಯನ್ನು 5 ವೋಲ್ಟಿಗೆ ಕೊಡುವಾಗ 100 ಓಮ್ ರೆಸಿಸ್ಟರ್ ಇದ್ದರೆ 20 ಮಿಲಿಆಂಪ್. ಕಣ್ಣಿಗೆ ಹಿತವಾಗಿರಲಿ ಎಂದು ನಾನು 220 ಓಮ್ ಹಾಕುತ್ತೇನೆ.

ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್ ಬಂತೆಂದರೆ ಧೂಳಿನದೇ ಕಾಟ. ಹಾಳೆಯ ಕೆಳಗೆ ಒಂದು ಕಣ ಸಿಕ್ಕರೂ ಬ್ಯಾಕ್‌ಲೈಟಿನಲ್ಲಿ ನಕ್ಷತ್ರದ ಹಾಗೆ ಹೊಳೆಯುತ್ತದೆ. ಬಾತ್‌ರೂಮಿನಲ್ಲಿ ಬಿಸಿನೀರು ಬಿಟ್ಟು, ಹಬೆ ಧೂಳನ್ನೂ ಎಳೆದುಕೊಂಡು ಪೂರ್ತಿ ಇಳಿದ ಮೇಲೆ, ಫ್ಯಾನ್ ಇಲ್ಲದೆ ಅಲ್ಲೇ ಅಂಟಿಸಿ.

ಗಾಜೇ ಹೋಗಿದ್ದರೆ ಐಪಿಎಸ್. ಬಣ್ಣ, ಬೆಳಕು, ಯಾವ ಕಡೆಯಿಂದ ನೋಡಿದರೂ ಒಂದೇ ಥರ, ತಕರಾರಿಲ್ಲ. ಆದರೆ ಹಳೆ ಪರದೆ ನಿಧಾನ ಅಂತ ಗೊತ್ತಿದ್ದೇ ಕೆಲವು ಆಟಗಳಲ್ಲಿ ಚಿತ್ರವನ್ನು ಒಂದು ಫ್ರೇಮ್ ಬಿಟ್ಟು ಒಂದು ಫ್ರೇಮ್ ತೋರಿಸಿ ಪಾರದರ್ಶಕ ಮಾಡಿದ್ದಾರೆ. ಐಪಿಎಸ್‌ನಲ್ಲಿ ಅದು ಬರೀ ಮಿನುಗಾಟ. ಕೊಳ್ಳುವಾಗ ಫ್ರೇಮ್ ಬ್ಲೆಂಡಿಂಗ್ (ಅಕ್ಕಪಕ್ಕದ ಫ್ರೇಮ್ ಬೆರೆಸಿ ತೋರಿಸುವುದು) ಇದೆಯೇ, ಕವಚ ಕೊರೆಯಬೇಕೇ ಎಂದು ಮೊದಲೇ ಕೇಳಿ. ಕೊರೆಯಬೇಕಿದ್ದರೆ ಫ್ಲಶ್ ಕಟರಿನಲ್ಲಿ ಚೂರುಚೂರೇ ಕತ್ತರಿಸಿ, ಪರದೆ ಒತ್ತಡವಿಲ್ಲದೆ ಕೂರುವವರೆಗೆ. ಬಿಗಿಯಾಗಿ ಕೂರಿಸಿ ಸ್ಕ್ರೂ ಹಾಕಿದರೆ ಮೂಲೆ ಬಿರಿಯುತ್ತದೆ.

ಕಿಟ್ ಹಾಕಿದ ಮೇಲೆ ಸೆಟ್ ತಾನಾಗಿ ಆಫ್ ಆದರೆ ಅಥವಾ ಪರದೆ ಮಿಣುಕಿದರೆ ಕಿಟ್ಟನ್ನು ಬೈಯುವ ಮುಂಚೆ ಪವರ್ ಸ್ವಿಚ್ ನೋಡಿ. ಐಪಿಎಸ್ ಹೆಚ್ಚು ಕರೆಂಟ್ ಎಳೆಯುತ್ತದೆ, ಕೊಳೆ ಹಿಡಿದ ಸ್ವಿಚ್ಚಿನಲ್ಲಿ ವೋಲ್ಟೇಜ್ ಬೀಳುತ್ತದೆ. ಸ್ವಿಚ್ಚಿನೊಳಗೆ ಎರಡು ಹನಿ ಐಪಿಎ ಬಿಟ್ಟು ಇಪ್ಪತ್ತು ಮೂವತ್ತು ಸಲ ಆಚೀಚೆ ಆಡಿಸಿ. ಬ್ಯಾಟರಿ ಸೋರಿ ಸ್ಪ್ರಿಂಗ್ ಮೇಲೆ ಪುಡಿ ಕಟ್ಟಿದ್ದರೆ ವಿನೆಗರ್ ಹತ್ತಿಯಲ್ಲಿ ಒರೆಸಿ, ಮೇಲೆ ಐಪಿಎ. ಇಷ್ಟಾದರೂ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತಿದ್ದರೆ ಹಳೆ ಪವರ್ ಬೋರ್ಡ್ ಬಿಚ್ಚಿ ಹೊಸದನ್ನು ಬೆಸುಗೆ ಹಾಕಬೇಕಾಗುತ್ತದೆ.